ಖಂಡೇಪೂಜೆಯ ದಿನ ಆರಿಸಿದ ಸರ್ವರ್

"ಸರ್ವರ್ ಕೆಡಿಸಿದಾಕಿ ಇಕೀನ ರಿ, ಸಾಬ," ಎಂದು ಕಂಪ್ಯೂಟರ್ ನೋಡಿಕೊಳ್ಳುವ ಶಿವಕಾಂತ ತನ್ನ ಕೈಕೆಳಗಿನ ಪ್ರಣಾಲಿಯತ್ತ ಬೆರಳು ಮಾಡಿದ.

ಬೀದರದ ನೌಬಾದದಲ್ಲಿದ್ದ ಆ ರಕ್ತಪರೀಕ್ಷಾ ಕೇಂದ್ರಕ್ಕೆ ಅಂದು ದಸರಾ ಮುಗಿದ ಬೆಳಗು. ಭಾಲ್ಕಿ, ಔರಾದಗಳಿಂದ ಬಂದ ರಕ್ತದ ನಲವತ್ತು ವರದಿಗಳು ಖಂಡೇಪೂಜೆಯ ದಿನದಿಂದ ಕಲಬುರಗಿಯ ವೈದ್ಯರಿಗೆ ಹೋಗದೆ ನಿಂತಿದ್ದವು. ಪ್ರಣಾಲಿಯನ್ನು ಕೆಲಸದಿಂದ ತೆಗೆಯುವ ಪತ್ರ ಮಾಲೀಕ ಡಾಕ್ಟರ್ ರಶೀದ ಅಹ್ಮದರ ಮೇಜಿನ ಮೇಲೆ ಸಹಿಗೆ ಕಾದಿತ್ತು.

"ನೀವ ಹೇಳಿದ್ರಿ ಅಣ್ಣಾ, ಖಂಡೇಪೂಜಾಕ್ಕ ಯಂತ್ರಕ್ಕೆಲ್ಲ ಕುಂಕುಮ ಹಚ್ಚಬೇಕು, ಸರ್ವರ್ ಆರಸು ಅಂತ. ಆರಿಸಿದೆ, ಪೂಜಾ ಆದಮ್ಯಾಲ ಮತ್ತ ಚಾಲೂ ಮಾಡಿದೆ. ಅಷ್ಟ," ಎಂದಳು ಡಾಬಕಾ ಹಳ್ಳಿಯಿಂದ ಬಂದ ಪ್ರಣಾಲಿ.

ಕಡತದ ಕೋಣೆಯ ಭಾಗೀರಥಿಬಾಯಿಯನ್ನು ಡಾಕ್ಟರರು ಕರೆಸಿದರು. ಕೇಂದ್ರದಲ್ಲಿ ಏನು ಕಳೆದರೂ ಹುಡುಕುವವರು ಅವರೇ. ಪ್ರತಿ ಸಲವೂ ಅವರ ಬೆನ್ನ ಹಿಂದೆ ನಿಂತು ಟಿಪ್ಪಣಿ ಬರೆಯುತ್ತಿದ್ದವನು ಶಿವಕಾಂತ. ಇಂದೂ ವಹಿ ಹಿಡಿದು ನಿಂತ.

"ಕಲಬುರಗಿಯ ಜಾಲತಾಣ ಬ್ರೌಸರಿನ್ಯಾಗ ತೆರೀತದ?" ಭಾಗೀರಥಿಬಾಯಿ ಕೇಳಿದರು.

"ತೆರೀತದ ರಿ ಬಾಯಾರ," ಎಂದಳು ಪ್ರಣಾಲಿ. "ಸರ್ವರ್ ಮಾತ್ರ ಒಲ್ಲೆ ಅಂತದ."

ಸರ್ವರ್ ತಾನೇ ಬರೆದಿಟ್ಟ ಲಾಗ್‌ನ ಸಾಲುಗಳನ್ನು ಭಾಗೀರಥಿಬಾಯಿ ನಿಧಾನವಾಗಿ ಓದಿದರು. "ದಾರಿ ಸಿಕ್ಕದ. ಆದರ ಎದುರಿನವರ ಗುರುತಿನ ಪ್ರಮಾಣಪತ್ರ ನಂಬಲಾರೆ ಅಂತದ." ಆಮೇಲೆ ಕನ್ನಡಕ ಏರಿಸಿ ಕೇಳಿದರು: "ಶಿವಕಾಂತ, ಪೂಜಾಕ್ಕಿಂತ ಮೊದಲ ಈ ಸರ್ವರ್ ಯಾವಾಗ ಆರಿತ್ತು?"

"ಯುಗಾದಿಗಿ ರಿ."

"ಸರ್ವರ್ ಓಡಿಸೋ ತಂತ್ರಾಂಶ, ಆ ಜಾವಾ, ಯಾವಾಗ ಬದಲಿಸಿದ್ರಿ?"

ಅವನು ಬರೆಯುವುದನ್ನು ನಿಲ್ಲಿಸಿದ. "ಶ್ರಾವಣದಾಗ..."

ಮಧ್ಯಾಹ್ನ ಭಾಗೀರಥಿಬಾಯಿ ಎಲ್ಲರನ್ನೂ ಕಡತದ ಕೋಣೆಯಲ್ಲಿ ಕೂಡಿಸಿದರು.

"ಯಾರನ್ನ ನಂಬಬೇಕು ಅನ್ನೋ ಪಟ್ಟಿ ಬ್ರೌಸರಿಗೊಂದು, ಜಾವಾಕ್ಕೊಂದು ಇರ್ತದ ಸಾಬ. ಒಂದರ ಮಾತು ಇನ್ನೊಂದು ಕೇಳೂದಿಲ್ಲ. ಕಲಬುರಗಿಯವರ ಪ್ರಮಾಣಪತ್ರ ಅವರೇ ಮಾಡಿಕೊಂಡಿದ್ದು. ಅದನ್ನ ನಾವ ಕೈಯಾರೆ ಪಟ್ಟಿಗಿ ಸೇರಿಸಬೇಕು. ಬ್ರೌಸರಿನ ಪಟ್ಟಿಯೊಳಗ, ಹಳೇ ಜಾವಾದ ಪಟ್ಟಿಯೊಳಗ ಅದು ಅದ. ಶ್ರಾವಣದಾಗ ಹಾಕಿದ ಹೊಸ ಜಾವಾದೊಳಗ ಇಲ್ಲ."

"ಹಂಗಾರ ಎರಡು ತಿಂಗಳು ಹ್ಯಾಂಗ ನಡೀತು?" ಡಾಕ್ಟರರು ಕೇಳಿದರು.

"ಹೊಸದು ಹಾಕಿದವರು ಸರ್ವರ್ ಆರಿಸಿ ಮತ್ತ ಚಾಲೂ ಮಾಡಿ ನೋಡಲೇ ಇಲ್ಲ. ಹಳೇ ಜಾವಾನೇ ಓಡ್ತಿತ್ತು. ಪೂಜಾದ ದಿನ ಆರಿ ಎದ್ದಾಗ ಹೊಸದು ಎದ್ದಿತು. ಈ ಹುಡುಗಿ ಆರಿಸಿದ್ದು ತಪ್ಪಲ್ಲ ಸಾಬ. ಆರಿಸದೇ ಇದ್ದದ್ದು ತಪ್ಪು." ಕೆಲಸದ ವಹಿ ತೆರೆದು ಮುಂದಿಟ್ಟರು. ಯಾರ ಹೆಸರನ್ನೂ ಹೇಳಲಿಲ್ಲ.

ಶ್ರಾವಣದ ಆ ಪುಟದಲ್ಲಿದ್ದದ್ದು ಶಿವಕಾಂತನ ಅಕ್ಷರ. 'ಆಮೇಲೆ ನೋಡೋಣ' ಎಂದು ಅಂದು ಎದ್ದು ಹೋದದ್ದು ನೆನಪಾಯಿತು. ಮುಂಜಾನೆ ಪ್ರಣಾಲಿಯತ್ತ ಎತ್ತಿದ ಬೆರಳನ್ನು ಈಗ ಆ ಸಾಲಿನ ಮೇಲಿಟ್ಟ.

"ನಾನ ರಿ ಸಾಬ," ಎಂದ, ತಲೆಯೆತ್ತದೆ.

ಡಾಕ್ಟರರು ಪತ್ರ ಹರಿದರು. ಪ್ರಣಾಲಿ ಪ್ರಮಾಣಪತ್ರವನ್ನು ಹೊಸ ಪಟ್ಟಿಗೆ ಸೇರಿಸಿ ಸರ್ವರ್ ಎಬ್ಬಿಸಿದಳು. ನಲವತ್ತೂ ವರದಿ ಹೊರಟವು.

ನಿನ್ನೆ ಊರೆಲ್ಲ ಹಂಚಿ ಉಳಿದ ಬನ್ನಿ ಎಲೆ ಶಿವಕಾಂತನ ಜೇಬಿನಲ್ಲಿ ಒಣಗಿತ್ತು. ಕಿರಿಯರು ಹಿರಿಯರಿಗೆ ಕೊಟ್ಟು ಕಾಲು ಮುಟ್ಟುವುದು ರೂಢಿ. ವಯಸ್ಸಿನಲ್ಲಿ ಹಿರಿಯನಾದರೂ ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಪ್ರಣಾಲಿಯ ಮುಂದೆ ಬಾಗಿದ.

"ತಗೋ ತಂಗಿ."

ಅವಳು ಎಲೆಯನ್ನು ತೆಗೆದುಕೊಂಡಳು. "ಇನ್ನ ಮ್ಯಾಲ ಹೊಸದು ಹಾಕಿದ್ರ ಆರಿಸಿ ನೋಡ್ರಿ ಅಣ್ಣಾ," ಎಂದಳಷ್ಟೆ.