ಕಪ್ಪಿಯ ಬ್ರಾಕೆಟಿಗೆ ಬಿದ್ದ ತೂತು

೧೯೮೬ರ ನವೆಂಬರ್ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಒಂಬತ್ತೂವರೆಗೆ ಬೋಟಿನ ಮಾಲೀಕ ಗುಣಪಾಲ ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತ ಕಾಪು ಠಾಣೆಯ ಮೆಟ್ಟಿಲು ಹತ್ತಿದ. ಇನ್ನೊಂದು ಕಾಲಿನ ಹೆಬ್ಬೆರಳಿಗೆ ಎಳನೀರಿನ ಗಾತ್ರದ ಬ್ಯಾಂಡೇಜು.

ಹಿಂದಿನ ದಿನ ಕಾಪು ದೀಪಸ್ತಂಭದ ನೇರಕ್ಕೆ ಸಮುದ್ರದಲ್ಲಿ ಬಲೆ ಎಳೆಯುವಾಗ, ಬೋಟಿನ ಹಿಂಭಾಗದಲ್ಲಿ ಬಲೆಯ ಹಗ್ಗ ಹಾಯುವ ಕಪ್ಪಿಯನ್ನು ಹಿಡಿದಿದ್ದ ಕಬ್ಬಿಣದ ಬ್ರಾಕೆಟ್ ಮುರಿದು, ಕಪ್ಪಿ ಅವನ ಕಾಲ ಮೇಲೆ ಬಿದ್ದಿತ್ತು. ಬ್ರಾಕೆಟ್ ಮಾಡಿಕೊಟ್ಟವನು ಪೇಟೆಯ ವೆಲ್ಡಿಂಗ್ ಅಂಗಡಿಯ ಲಿಯೋನೆಲ್. ಹೊಸ ಕಬ್ಬಿಣವೆಂದು ಹೇಳಿ ಗುಜರಿ ಹಾಕಿದ್ದಾನೆ ಎಂಬುದು ದೂರು. ಬೋಟು ನಡೆಸುವ ತಾಂಡೇಲ ಕಿಟ್ಟ ಜೊತೆಯಲ್ಲೇ ಬಂದಿದ್ದ. ಅಂಗಡಿಯಲ್ಲಿ ಗುಜರಿಯ ತುಂಡನ್ನು ಕಣ್ಣಾರೆ ಕಂಡೆ ಎಂದು ನೆಲ ನೋಡುತ್ತ ಹೇಳಿಕೆ ಕೊಟ್ಟ.

ಸಬ್ ಇನ್‌ಸ್ಪೆಕ್ಟರ್ ವಿಷ್ಣುಮೂರ್ತಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಇಮ್ಯಾನುಯೆಲ್‌ನೊಂದಿಗೆ ಬೋಟು ನಿಂತಿದ್ದ ಹೆಜಮಾಡಿಯ ಹೊಳೆದಡಕ್ಕೆ ಹೋದರು. ಪಂಚನಾಮೆ ಬರೆದು, ಮುರಿದ ಎರಡು ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಅರಗು ಹಾಕಿದರು.

ಮಧ್ಯಾಹ್ನ ಲಿಯೋನೆಲ್‌ನನ್ನು ಕರೆಸಿದರು. ಸುದ್ದಿ ಆಗಲೇ ಹಬ್ಬಿ, ಇಬ್ಬರು ಬೋಟಿನವರು ಅವನ ಅಂಗಡಿಯಿಂದ ಅರ್ಧ ಮುಗಿದ ಕೆಲಸವನ್ನೇ ಎತ್ತಿಕೊಂಡು ಹೋಗಿದ್ದರು. ಗುಜರಿ ಎಂದು ರುಜುವಾತಾದರೆ ಜೈಲು, ಅಂಗಡಿಗೆ ಬೀಗ. ಅವನು ಬ್ರಾಕೆಟಿನ ಅಳತೆಗಳನ್ನೆಲ್ಲ ಬಾಯಿಪಾಠದಂತೆ ಒಪ್ಪಿಸಿದ.

"ಕಬ್ಬಿಣ ಹೊಸತೇ ಸರ್. ನೀವೂ ನಂಬದಿದ್ದರೆ ನಾನಿನ್ನು ಗೋಳಿಬಜೆ ಕಾಯಿಸಬೇಕಷ್ಟೆ. ಅದೂ ನನಗೆ ಬರುವುದಿಲ್ಲ."

ಕಬ್ಬಿಣದ ವಿಷಯದಲ್ಲಿ ಪೊಲೀಸರ ಕಣ್ಣು ಸಾಲದು. ವಿಷ್ಣುಮೂರ್ತಿ ಮಣಿಪಾಲದ ಇಂಜಿನಿಯರಿಂಗ್ ಅಧ್ಯಾಪಕಿ ನರ್ಮದಾ ಅವರಿಗೆ ಪತ್ರ ಬರೆದು, ತುಂಡುಗಳನ್ನೂ ಲಿಯೋನೆಲ್ ಹೇಳಿದ ಅಳತೆಗಳನ್ನೂ ಒಯ್ದುಕೊಟ್ಟರು. ಆಕೆಗೆ ಹಬ್ಬದೂಟಕ್ಕೆ ಕರೆದಷ್ಟು ಸಂತೋಷವಾಯಿತು. ಕಬ್ಬಿಣದ ಪರೀಕ್ಷೆ ಸಂಜೆಯೊಳಗೇ ಮುಗಿಯಿತು: ಒಳ್ಳೆಯ ಹೊಸ ಕಬ್ಬಿಣ. ಹಾಗಾದರೆ ಮುರಿದದ್ದೇಕೆ? ಅದಕ್ಕೆ ಫೈನೈಟ್ ಎಲಿಮೆಂಟ್ ಲೆಕ್ಕ ಬೇಕು, ಕಂಪ್ಯೂಟರಿನ ಮುಂದೆ ಸರದಿ ಕಾಯಬೇಕು ಎಂದರು ಆಕೆ.

ಗುರುವಾರ ಪೊಲೀಸರಿಬ್ಬರೂ ಮತ್ತೆ ಮಣಿಪಾಲಕ್ಕೆ ಹೋದಾಗ ಆಕೆಯ ಮೇಜಿನ ಮೇಲೆ, ಕಂಪ್ಯೂಟರಿಗೆ ಉಣಿಸುವ ತೂತು ಬಿದ್ದ ಕಾರ್ಡುಗಳ ದೊಡ್ಡ ಕಟ್ಟಿತ್ತು. ಪಕ್ಕದಲ್ಲಿ ಬ್ರಾಕೆಟಿನ ಚಿತ್ರ. ಅದರ ಮೈತುಂಬ ತ್ರಿಕೋನಗಳು, ಬಣ್ಣದ ಪೆನ್ಸಿಲು ಹಚ್ಚಿದವು.

"ಇದೆಂತ ಮೇಡಂ, ರಂಗೋಲಿಯಾ?" ಎಂದ ಇಮ್ಯಾನುಯೆಲ್.

ಆಕೆ ನಕ್ಕು ವಿವರಿಸಿದರು. ಇಡೀ ಬ್ರಾಕೆಟಿನ ಸಂಕಟವನ್ನು ಒಟ್ಟಿಗೆ ಲೆಕ್ಕ ಹಾಕುವುದು ಕಷ್ಟ. ಆದ್ದರಿಂದ ಕಾಗದದ ಮೇಲೆ ಅದನ್ನು ಪುಟ್ಟ ತ್ರಿಕೋನಗಳಾಗಿ ಕತ್ತರಿಸಿ, ಯಾವುದು ತನ್ನ ಪಕ್ಕದ್ದನ್ನು ಎಷ್ಟು ಎಳೆಯುತ್ತದೆ ಎಂದು ಕಂಪ್ಯೂಟರನ್ನು ಕೇಳುವುದು. ಹೆಚ್ಚು ಎಳೆತ ಇರುವಲ್ಲಿ ಕೆಂಪು, ಕಡಿಮೆ ಇರುವಲ್ಲಿ ನೀಲಿ. ಕೆಂಪು ಇದ್ದದ್ದು ಬುಡದಲ್ಲಿ, ವೆಲ್ಡಿಂಗಿನ ಹತ್ತಿರ.

"ಮುರಿಯುವುದಾದರೆ ಬುಡದಲ್ಲಿ ಮುರಿಯಬೇಕು. ನಿಮ್ಮದು ನಡುವಿನಲ್ಲಿ ಮುರಿದಿದೆ. ನನ್ನ ಚಿತ್ರದಲ್ಲಿ ಎಂತದೋ ಬಿಟ್ಟುಹೋಗಿದೆ, ಅಲ್ವಾ?"

ಅರಗು ಒಡೆದಿದ್ದ ತುಂಡುಗಳನ್ನು ಮೂವರೂ ಜೋಡಿಸಿ ನೋಡಿದರು. ಮುರಿದ ಗೆರೆಯ ಒಂದು ತುದಿಯಲ್ಲಿ, ಅಂಚಿಗೆ ತಾಗಿದಂತೆ, ಎರಡು ಅರ್ಧಚಂದ್ರಗಳು ಕೂಡಿ ಒಂದು ದುಂಡು ತೂತಾಯಿತು. ಬೋಲ್ಟಿನ ತೂತೆಂದು ಪಂಚನಾಮೆಯಲ್ಲಿ ಬರೆದಿದ್ದರು. ಲಿಯೋನೆಲ್ ಹೇಳಿದ ಅಳತೆಯಲ್ಲಿ ತೂತೇ ಇರಲಿಲ್ಲ.

ನರ್ಮದಾ ತೂತನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿಸಿದರು. ಮರುದಿನ ಬಂದ ಚಿತ್ರದಲ್ಲಿ ಕೆಂಪು ಬುಡ ಬಿಟ್ಟು ತೂತಿನ ಅಂಚಿಗೆ ಬಂದು ಕೂತಿತ್ತು.

ವಿಷ್ಣುಮೂರ್ತಿ ಆ ಚಿತ್ರ ನೋಡುತ್ತಿದ್ದಾಗ ಇಮ್ಯಾನುಯೆಲ್ ತೂತಿಗೆ ಅಂಟಿದ್ದ ಒಂದು ಒಣ ಎಳೆಯನ್ನು ಬೆರಳಿನಲ್ಲಿ ಉಜ್ಜುತ್ತಿದ್ದ. ಅವನ ಮನೆ ಶಂಕರಪುರ. ಮನೆಯವರೆಲ್ಲ ಮಲ್ಲಿಗೆ ಕಟ್ಟುವವರೇ.

"ಸರ್, ಇದು ಬಾಳೆನಾರು. ಇಲ್ಲಿ ಮಲ್ಲಿಗೆ ನೇತಾಡಿದ್ದುಂಟು."

ಬೋಟಿಗೆ ಹೂ ಕಟ್ಟುವವರು ಯಾರು ಎಂದು ಕೇಳಿದಾಗ ಗುಣಪಾಲ ಸಲೀಸಾಗಿ ಹೇಳಿದ: ತಂಗಿ ಮೋಹಿನಿ ದಿನಾಲೂ ಮಲ್ಲಿಗೆ ಕೊಡುತ್ತಾಳೆ, ಕಿಟ್ಟ ಮುಂಭಾಗಕ್ಕೆ ಕಟ್ಟುತ್ತಾನೆ. ವಿಷ್ಣುಮೂರ್ತಿ ಬೋಟಿನ ಮುಂಭಾಗ ನೋಡಿದರು. ಅಲ್ಲಿ ಒಂದು ಬಾಡಿದ ಎಸಳೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಕಿಟ್ಟನನ್ನು ಠಾಣೆಯಲ್ಲಿ ಕೂರಿಸಿದರು. ಗುಣಪಾಲ, ಲಿಯೋನೆಲ್ ಇಬ್ಬರೂ ಅಲ್ಲೇ ಇದ್ದರು.

"ತೂತು ಕೊರೆದದ್ದು ಯಾವುದರಲ್ಲಿ?" ಎಂದು ಕೇಳಿದರು ವಿಷ್ಣುಮೂರ್ತಿ.

"ಕಾರ್ಕಳದ ಬಾವನ ಕೈಡ್ರಿಲ್ಲಿನಲ್ಲಿ."

"ಲಿಯೋನೆಲ್ ಅಂಗಡಿಯಲ್ಲಿ ಗುಜರಿ ಕಂಡದ್ದು?"

"ಕಾಣಲಿಲ್ಲ ಸರ್."

"ಹೂವನ್ನು ಮುಂದೆ ಕಟ್ಟುವುದು ಬಿಟ್ಟು ಹಿಂದೆ ಯಾಕೆ ಕಟ್ಟಿದ್ದು?"

ಕಿಟ್ಟ ಗುಣಪಾಲನ ಬ್ಯಾಂಡೇಜು ನೋಡಿದ, ಲಿಯೋನೆಲ್‌ನ ಮುಖ ನೋಡಿದ. ಕೊನೆಗೆ ಒಂದೇ ಉಸಿರಿಗೆ ಹೇಳಿಬಿಟ್ಟ. ಬೋಟು ಹೊರಡುವಾಗ ಮುಂಭಾಗ ಸಮುದ್ರಕ್ಕೆ, ಹಿಂಭಾಗ ದಡಕ್ಕೆ. ಮೋಹಿನಿ ದಡದಲ್ಲಿ ನಿಂತಿರುತ್ತಾಳೆ. ತಾನು ಕೊಟ್ಟ ಹೂ ಕಣ್ಣಿಗೆ ಕಾಣುವವರೆಗೆ ನೋಡಬೇಕೆಂದು ಅವಳೇ ಕೇಳಿದ್ದಳು. ತೂತಿನ ಕತೆ ಹೇಳಿದರೆ ಅವಳ ಹೆಸರೂ ಹೇಳಬೇಕಾಗುತ್ತದೆಂದು ಹೆದರಿ ಲಿಯೋನೆಲ್‌ನ ಹೆಸರು ಹೇಳಿದ್ದ.



"ಅಲ್ಲ ಮಾರಾಯ," ಎಂದ ಗುಣಪಾಲ, "ಮೊದಲೇ ಮನೆಗೆ ಬಂದು ಹೆಣ್ಣು ಕೇಳಿದ್ದರೆ ನನ್ನ ಬೆರಳು ಉಳಿಯುತ್ತಿರಲಿಲ್ವಾ?"

ಮೊದಲು ನಕ್ಕವನು ಲಿಯೋನೆಲ್. ಕಾನೂನು ನಗುವಂತಿಲ್ಲ, ಅಜಾಗರೂಕತೆಯಿಂದ ಗಾಯಪಡಿಸಿದ್ದಕ್ಕೆ ವಿಷ್ಣುಮೂರ್ತಿ ಕಿಟ್ಟನನ್ನು ಬಂಧಿಸಿದರು. ಸುಳ್ಳು ಹೇಳಿಕೆಯನ್ನೂ ಸೇರಿಸಿ ವರದಿ ಬರೆದರು. ಠಾಣೆಯ ಜಾಮೀನಿಗೆ ಒಬ್ಬ ಸ್ಥಳೀಯನ ರುಜು ಬೇಕಿತ್ತು.

"ನಾನೇ ರುಜು ಹಾಕುತ್ತೇನೆ," ಎಂದ ಲಿಯೋನೆಲ್. "ಆದರೆ ಇವನು ಒಂದೊಂದು ಬೋಟಿನವರ ಹತ್ತಿರವೂ ಹೋಗಿ, ನಾನು ಸುಳ್ಳು ಹೇಳಿದ್ದೆ ಎಂದು ಹೇಳಬೇಕು. ಇವತ್ತೇ."

ಕಿಟ್ಟ ಬಿಸಿಲಿನಲ್ಲಿ ದಡವೆಲ್ಲ ತಿರುಗಿ ಹೇಳಿ ಬಂದ. ಸಂಜೆಗೆ ಅರ್ಧ ಮುಗಿದ ಕೆಲಸಗಳು ಲಿಯೋನೆಲ್ ಅಂಗಡಿಗೆ ಮರಳಿದವು.

ಮುಂದಿನ ವಾರ ಬೋಟಿಗೆ ಹೊಸ ಬ್ರಾಕೆಟ್ ಏರಿತು. ನರ್ಮದಾ ಹೇಳಿದಂತೆ ಅದಕ್ಕೆ ಎಲ್ಲೂ ತೂತಿಲ್ಲ. ಹೂವಿಗಾಗಿ ಲಿಯೋನೆಲ್ ಪಕ್ಕದಲ್ಲೇ ಬೇರೆ ಕೊಕ್ಕೆ ನಿಲ್ಲಿಸಿದ್ದ. ಬೋಟು ಹೊಳೆಬಾಗಿಲು ದಾಟಿ ಸಮುದ್ರಕ್ಕೆ ಇಳಿಯುವವರೆಗೂ ದಡದಲ್ಲಿ ಮೋಹಿನಿ ನಿಂತಿದ್ದಳು. ಪಕ್ಕದಲ್ಲಿ ಬೆರಳು ವಾಸಿಯಾಗುತ್ತಿದ್ದ ಅಣ್ಣ.

ಕೇಸ್ ಡೈರಿಯ ಕೊನೆಯಲ್ಲಿ ಕೃತ್ಯದ ಕಾರಣ ಬರೆಯಬೇಕಿತ್ತು. ವಿಷ್ಣುಮೂರ್ತಿ ಇಲಾಖೆಯ ಭಾಷೆಯಲ್ಲೇ ಬರೆದರು: "ಬೋಟಿನ ಮುಂಭಾಗಕ್ಕೆ ಕಟ್ಟಿದ ಹೂವು ದಡದಿಂದ ಕಾಣಿಸುವುದಿಲ್ಲವಾದ ಕಾರಣ."