ಗೊತ್ತಿಲ್ಲ ಎಂದವನ ಪರ ಸಾಕ್ಷಿ

"ಬಿಡು ನನ್ನ!"

ಗಂಗಾಭವಾನಿ ಕಿರುಚಿದಳು. ಹಿಂದಿನ ಸೀಟಿನಿಂದ ಬಂದ ಗಂಡಸಿನ ಕೈಯೊಂದು ಅವಳ ಕತ್ತು ಹಿಡಿದು ಕೆಳಕ್ಕೆ ಅದುಮಿತ್ತು. ಅವಳು ಹಿಂದೆಮುಂದೆ ನೋಡದೆ ಆ ಕೈಯನ್ನು ಕಚ್ಚಿಬಿಟ್ಟಳು.

ಮರುಕ್ಷಣ... ಫಟಾರ್!

ಬಸ್ಸಿನ ಕಿಟಕಿ ಒಡೆದು ಗಾಜಿನ ಚೂರುಗಳು ಅವಳ ಬೆನ್ನ ಮೇಲೆ ಸುರಿದವು. ಸ್ವಲ್ಪ ಮುಂಚೆ ಅವಳ ತಲೆಯಿದ್ದ ಜಾಗವನ್ನು ದಾಟಿದ ಕಲ್ಲು ಆಚೆ ಬದಿಯ ಸರಳಿಗೆ ಬಡಿಯಿತು. ಹೊರಗೆ ಬಂದ್ ಮಾಡುವವರ ಕೂಗು, ಒಳಗೆ ಹೆಂಗಸರ ಅಳು! ಡ್ರೈವರ್ ಹಣೆಯ ರಕ್ತ ಒರೆಸಿಕೊಳ್ಳುತ್ತಲೇ ಬಸ್ಸನ್ನು ಬಂದರಿನ ರಸ್ತೆಗೆ ತಿರುಗಿಸಿದ.

ಅವಳು ತಲೆಯೆತ್ತಿದಾಗ ಹಿಂದಿನ ಸೀಟಿನವನು ನೋವಿನಿಂದ ಕೈ ಕೊಡವುತ್ತಿದ್ದ.

"ತಲೆ ಉಳಿಸಿದ್ದಕ್ಕೆ ಇದೇನಾ ಬಹುಮಾನ?" ಎಂದು ಹರಕು ತೆಲುಗಿನಲ್ಲಿ ಕೇಳಿದ.

ಅಯ್ಯೋ ದೇವರೇ, ಎಂಥ ಕೆಲಸ ಮಾಡಿಬಿಟ್ಟೆ! ಭವಾನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಅದು ೧೯೮೮ರ ಜುಲೈ, ವಿಶಾಖಪಟ್ಟಣ. ಭವಾನಿ ಮಾರಿಷಸ್‌ನಿಂದ ಒಂದು ವರ್ಷದ ಓದಿಗೆ ಬಂದಿದ್ದಳು. ಅವಳ ಮುತ್ತಜ್ಜ ಇದೇ ಕಡಲತೀರದಿಂದ ಹಡಗು ಹತ್ತಿ ಕಬ್ಬಿನ ಗದ್ದೆಗೆ ಕೂಲಿಗೆ ಹೋದವನು. ನಮ್ಮ ಊರಿಗೇ ಹೋಗುತ್ತಿದ್ದೇನೆ ಎಂದುಕೊಂಡು ಬಂದವಳಿಗೆ ಇಲ್ಲಿ ಸಿಕ್ಕಿದ್ದು ನಗೆಪಾಟಲು. ಅವಳ ಹಳೇ ಕಾಲದ ತೆಲುಗು ಕೇಳಿ ತರಗತಿಯ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪರದೇಶದವಳಾದ್ದರಿಂದ ಊರು ಬಿಟ್ಟು ಎಲ್ಲಿಗೆ ಹೋಗುವುದಿದ್ದರೂ ಪೊಲೀಸ್ ಕಚೇರಿಯ ರಿಜಿಸ್ಟರಿನಲ್ಲಿ ಸಹಿ ಹಾಕಬೇಕಿತ್ತು. ಬೆಂಚಿನ ಮೇಲೆ ಕಳ್ಳರ ಪಕ್ಕ ಕೂತು ಕಾಯುವಾಗ ಅವಳಿಗೆ ಅಳು ಬರುತ್ತಿತ್ತು.

ಅವಳು ಬಾಡಿಗೆಗಿದ್ದದ್ದು ದುರ್ಗಾಂಬನ ಮನೆಯಲ್ಲಿ. ದುರ್ಗಾಂಬ ಹಾಸನದ ಹೆಣ್ಣು, ತೆಲುಗರ ಮನೆ ಸೇರಿದವಳು. ಬಸ್ಸಿನ ಗಲಾಟೆಯ ದಿನವೇ ಆ ಮನೆಯ ಊಟದ ಮೇಜಿನೆದುರು ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಅವನು ಕೂತಿದ್ದ! ಶ್ರೀಕಂಠ, ಬ್ಯಾಂಕಿನ ಗುಮಾಸ್ತ, ದುರ್ಗಾಂಬನ ಊರಿನವನು.

"ನಾಯಿ ಕಚ್ತೇನೋ?" ಎಂದು ದುರ್ಗಾಂಬ ಕೇಳಿದಳು.

"ಹೂಂ ಅತ್ತೆ, ಪರದೇಶದ್ದು."

ಭವಾನಿಗೆ ಅರ್ಥವಾಗಲಿಲ್ಲ. ಅರ್ಥವಾಗುವಷ್ಟು ಕನ್ನಡ ಕಲಿತ ದಿನ ಅವನ ತಟ್ಟೆಗೆ ಎರಡು ಸೌಟು ಜಾಸ್ತಿ ಗೊಂಗುರ ಸೊಪ್ಪಿನ ಖಾರದ ಚಟ್ನಿ ಬಡಿಸಿ ಸೇಡು ತೀರಿಸಿಕೊಂಡಳು. ಆಮೇಲಾಮೇಲೆ ಅವನು ಬರುವ ಹೊತ್ತಿಗೆ ಕನ್ನಡಿಯ ಮುಂದೆ ನಿಲ್ಲತೊಡಗಿದಳು... ಪ್ರೀತಿಸುತ್ತಿದ್ದಳು, ಅಷ್ಟೇ!

ನವೆಂಬರಿನಲ್ಲಿ ಅವನಿಗೆ ವಿಜಯವಾಡಕ್ಕೆ ವರ್ಗವಾಯಿತು. ಹೋಗುವಾಗ ಏನೋ ಹೇಳಲು ಬಾಯಿ ತೆರೆದು, ಬರೀ "ಬರ್ತೀನಿ" ಎಂದು ಹೊರಟುಹೋದ.

ಡಿಸೆಂಬರಿನಲ್ಲಿ ಭವಾನಿ ತಡೆಯಲಾರದೆ ವಿಜಯವಾಡದ ರೈಲು ಹತ್ತಿದಳು. ದುವ್ವಾಡ ಸ್ಟೇಷನ್ ದಾಟಿದ ಮೇಲೆ ರಿಜಿಸ್ಟರಿಗೆ ಸಹಿ ಹಾಕಿಲ್ಲವೆಂದು ನೆನಪಾಯಿತು. ಒಂದೇ ದಿನ ತಾನೇ, ಯಾರಿಗೆ ಗೊತ್ತಾಗುತ್ತೆ ಎಂದುಕೊಂಡಳು.

ಆ ಮಧ್ಯಾಹ್ನವೇ, ನಾಯಕನೊಬ್ಬನ ಕೊಲೆಯ ಸುದ್ದಿಗೆ ವಿಜಯವಾಡ ಹೊತ್ತಿಕೊಂಡಿತು.

ಬೆಂಜ್ ಸರ್ಕಲ್ ಹತ್ತಿರ, ಸಹಿ ಮರೆತದ್ದನ್ನು ಹೇಳುತ್ತಾ ಅವಳು ಶ್ರೀಕಂಠನ ಜೊತೆ ನಡೆಯುತ್ತಿದ್ದಾಗ ಕತ್ತಿ, ದೊಣ್ಣೆ ಹಿಡಿದ ಗುಂಪೊಂದು ನುಗ್ಗಿತು. ಸ್ಕೂಟರಿನಲ್ಲಿದ್ದವನೊಬ್ಬನನ್ನು ಎಳೆದು ರಸ್ತೆಗೆ ಕೆಡವಿದರು. ಅವನು ಕೈಮುಗಿಯುತ್ತಿದ್ದ, ಇವರು ಬಡಿಯುತ್ತಲೇ ಇದ್ದರು. ಅವನ ಮುಗಿದ ಕೈ ಸೋತು ಕೆಳಗೆ ಬಿತ್ತು... ಆದರೂ ನಿಲ್ಲಿಸಲಿಲ್ಲ!

"ಆ ಕಡೆ ನೋಡ್ಬೇಡಿ, ಓಡಿ!"

ಶ್ರೀಕಂಠ ಅವಳನ್ನು ಯಜಮಾನ ಬಿಟ್ಟೋಡಿದ್ದ ಒಂದು ಬಟ್ಟೆ ಅಂಗಡಿಯೊಳಗೆ ನೂಕಿ ಷಟರ್ ಎಳೆದ. ಸೀಮೆಎಣ್ಣೆಯ ವಾಸನೆ ಬಂತು. ಷಟರಿನ ಕೆಳಗಿನಿಂದ ಬೆಂಕಿ ನುಗ್ಗಿ ಸೀರೆಗಳಿಗೆ ಹತ್ತಿಕೊಂಡಿತು. ಅವನು ಕಬ್ಬಿಣದ ಸಲಾಕೆಯೊಂದನ್ನು ಹುಡುಕಿ ಹಿಂಬಾಗಿಲ ಬೀಗ ಒಡೆದ. ಕೆಮ್ಮುತ್ತಾ, ತೆವಳುತ್ತಾ ಇಬ್ಬರೂ ಗಲ್ಲಿಗೆ ಬಿದ್ದರು.

ಅಲ್ಲಿ ಪೊಲೀಸರಿದ್ದರು. ಅವರ ಕಣ್ಣಿಗೆ ಕಂಡಿದ್ದು ಉರಿಯುವ ಅಂಗಡಿ, ಸಲಾಕೆ ಹಿಡಿದ ಗಂಡಸು.

ಮಾತಿಗೆ ಮೊದಲೇ ಲಾಠಿ ಬಿತ್ತು. ಎರಡನೇ ಏಟಿಗೆ ಶ್ರೀಕಂಠನ ಬಲಗೈ ಮೂಳೆ ಲಟಕ್ಕೆಂದಿತು.

"ಈ ಅಮ್ಮಾಯಿ ಯಾರೋ? ನಿನ್ನ ಜೊತೆಯವಳಾ?" ಎಂದು ಇನ್‌ಸ್ಪೆಕ್ಟರ್ ಗದರಿದ.

ಶ್ರೀಕಂಠ ಭವಾನಿಯನ್ನು ನೋಡಿದ. ರಕ್ತ ಉಗುಳಿ ಹೇಳಿದ.

"ಗೊತ್ತಿಲ್ಲ ಸಾರ್. ಇವಳ್ಯಾರೋ ನನಗೆ ಗೊತ್ತೇ ಇಲ್ಲ."

ಬೆಂಕಿ ಸುಡದ ಎದೆಯನ್ನು ಆ ಮಾತು ಸುಟ್ಟಿತು. ಅವಳು ಬಾಯಿ ತೆರೆಯುವ ಮೊದಲೇ ಯಾರೋ ಅವಳನ್ನು ಹೆಂಗಸರ ವ್ಯಾನಿಗೆ ತಳ್ಳಿ ರೈಲ್ವೆ ಸ್ಟೇಷನ್ನಿಗೆ ತಲುಪಿಸಿದರು.

ಮನೆ ಮುಟ್ಟಿದ ಮೇಲೆ ದುರ್ಗಾಂಬನ ಮಡಿಲಲ್ಲಿ ಮುಖವಿಟ್ಟು ಅತ್ತಳು. "ಕಷ್ಟ ಬಂದಾಗ ಕೈಬಿಟ್ರು ಅತ್ತೆ! ನಾನು ಯಾರೋ ಅಂತೆ!"

"ಅಯ್ಯೋ ಪಿಚ್ಚಿದಾನಾ, ಹುಚ್ಚು ಹುಡುಗಿ!" ದುರ್ಗಾಂಬ ತಲೆ ಚಚ್ಚಿಕೊಂಡಳು. "ಸಹಿ ಹಾಕ್ದೆ ಊರು ಬಿಟ್ಟಿದ್ದೆಯಲ್ಲೇ! ಕೇಸಲ್ಲಿ ನಿನ್ನ ಹೆಸರು ಬಿದ್ದಿದ್ರೆ ಓದು ಅರ್ಧಕ್ಕೇ ಬಿಡಿಸಿ ವಿಮಾನ ಹತ್ತಿಸ್ತಿದ್ರು. ಅವನಿಗದು ಗೊತ್ತು. ಬ್ಯಾಂಕಿನವರು ಫೋನ್ ಮಾಡಿದ್ರು, ಈಗ ಅಂಗಡಿ ಸುಟ್ಟ ಕೇಸ್ ಅವನ ತಲೆಗೇ ಬಂದಿದೆ. ಜೈಲಾದ್ರೆ ಕೆಲಸನೂ ಹೋಯ್ತು. ಅವನು ತಪ್ಪು ಮಾಡ್ಲಿಲ್ಲ ಅಂತ ಹೇಳೋಕೆ ಯಾರಿದ್ದಾರೆ?"

ಭವಾನಿ ಅಳು ನಿಲ್ಲಿಸಿದಳು. ಯಾರಿದ್ದಾರೆ? ಅವಳೊಬ್ಬಳೇ ಇದ್ದಳು. ಪರೀಕ್ಷೆಗೆ ನಾಲ್ಕೇ ತಿಂಗಳಿತ್ತು. ಕಬ್ಬಿನ ಗದ್ದೆಯ ಮನೆಯಿಂದ ಮೊದಲ ಬಾರಿಗೆ ಕಾಲೇಜು ಹತ್ತಿದವಳು ಅವಳು... ಅಪ್ಪನ ಮುಖ ಕಣ್ಣೆದುರು ಬಂತು. ಕಣ್ಣೊರೆಸಿಕೊಂಡು ಪಾಸ್‌ಪೋರ್ಟ್ ಕೈಗೆತ್ತಿಕೊಂಡಳು.

ಕರ್ಫ್ಯೂ ಸಡಿಲವಾದ ಬೆಳಿಗ್ಗೆ ದುರ್ಗಾಂಬನೊಡನೆ ವಿಜಯವಾಡದ ಠಾಣೆಯೊಳಗೆ ಹೋಗಿ ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟಳು.

"ಸಲಾಕೆ ಹಿಡಿದಿದ್ದು ಅಂಗಡಿ ಸುಡೋಕಲ್ಲ. ನನ್ನನ್ನ ಹೊರಗೆ ತರೋಕೆ. ಬರ್ಕೊಳ್ಳಿ."

"ಯೋಚನೆ ಮಾಡಮ್ಮಾ. ಬರೆದರೆ ನೀನು ದೇಶ ಬಿಡಬೇಕಾಗುತ್ತೆ," ಎಂದು ಇನ್‌ಸ್ಪೆಕ್ಟರ್ ಎಚ್ಚರಿಸಿದ.

"ಬರ್ಕೊಳ್ಳಿ ಸಾರ್!"

ಅಷ್ಟರಲ್ಲಿ ಅಂಗಡಿಯ ಯಜಮಾನನೂ ಬಂದು, ಬೆಂಕಿ ಬಿದ್ದದ್ದು ಹೊರಗಿನಿಂದ ಎಂದು ಬರೆಸಿದ್ದ. ಐದನೇ ದಿನ ಶ್ರೀಕಂಠ ಹೊರಬಂದ. ಮುಖ ಊದಿತ್ತು, ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಮೆಟ್ಟಿಲ ಮೇಲೆ ಅವಳನ್ನು ಕಂಡವನೇ ಸಿಡಿದ.

"ಬುದ್ಧಿ ಇದೆಯಾ ನಿಮಗೆ? ಬಾಯಿ ಮುಚ್ಕೊಂಡಿದ್ರೆ ಓದು ಮುಗೀತಿತ್ತು!"

"ನಿಮಗಿತ್ತಾ? ಅಷ್ಟು ಜನರ ಮುಂದೆ ನಾನ್ಯಾರೋ ಗೊತ್ತಿಲ್ಲ ಅಂದ್ರಲ್ಲ!"

"ನಿಮ್ಮನ್ನ ಕಳಿಸಿಬಿಡ್ತಾರೆ ಅಂತ ಭಯ ಆಯ್ತು... ಲಾಠಿಗಿಂತ ಅದೇ ಭಯ."

"ಹಾಗಾದ್ರೆ ಈಗ ಹೇಳಿ. ನಾನ್ಯಾರು?"

ಶ್ರೀಕಂಠ ಒಂದು ಮೆಟ್ಟಿಲು ಇಳಿದು ಅವಳ ಹತ್ತಿರ ಬಂದ. "ನನ್ನವಳು," ಎಂದ.

ಭವಾನಿಯ ಕಣ್ಣು ತುಂಬಿ ಹರಿಯಿತು. "ಹದಿನೈದು ದಿನದಲ್ಲಿ ಹೊರಡಬೇಕಂತೆ ಶ್ರೀಕಂಠ. ವಿದ್ಯಾರ್ಥಿಯಾಗಿ ಹೋದವಳು ಹೆಂಡತಿಯಾಗಿ ವಾಪಸ್ ಬರಬಹುದಲ್ವಾ?"

ಅವನು ಬೆರಗಾಗಿ ನೋಡಿದ. ಅವಳು ಬೆಟ್ಟದ ಮೇಲಿನ ದುರ್ಗಮ್ಮ ದೇವಿಯ ಗುಡಿಯತ್ತ ಕೈ ತೋರಿಸಿದಳು. ಅವನು ತನ್ನ ಪ್ಲಾಸ್ಟರ್ ಕೈ ನೋಡಿಕೊಂಡು ಪೆಚ್ಚಾದ.

"ಒಂದೇ ಕೈಲಿ ತಾಳಿ ಗಂಟು ಬೀಳಲ್ಲ ಭವಾನಿ..."

"ಇನ್ನೊಂದು ಕೈ ನಂದು," ಎಂದಳು ಅವಳು.