ತುಂಬಿಸಿಟ್ಟ ಪೀಪಾಯಿ

1987ರ ನವೆಂಬರ್ 11, ಸಂತ ಮಾರ್ಟಿನನ ಹಬ್ಬ. ಸಂಜೆ 4.20ಕ್ಕೆ ಮಾರ್ಸಾಲಾ ಪಟ್ಟಣದ ಹೊರವಲಯದ ಠಾಣೆಗೆ ರೊಸಾಲಿಯಾ ಎಂಬ ಹೆಂಗಸು ಬಂದು, ಗಂಡ ಗಾಸ್ಪಾರೆ ವೈನ್ ಕೊಠಡಿಯಲ್ಲಿ ಕೊಲೆಯಾಗಿ ಬಿದ್ದಿದ್ದಾನೆಂದು ದೂರು ಕೊಟ್ಟಳು. ಮನೆತನದ ಹಳೆಯ ಪೀಪಾಯಿಯ ವೈನನ್ನು ಅವನು ಮಾರಿದ್ದ. ಖಾಲಿ ಮಾಡಬೇಡವೆಂದು ಅವನ ಅಣ್ಣ ಲೆಯೊನಾರ್ದೊ ಕಾಲು ಹಿಡಿದಿದ್ದನಂತೆ. ಬೆಳಿಗ್ಗೆ ಪಂಪ್ ಇಟ್ಟು ವೈನನ್ನು ಹೀರಿ ತುಂಬಿಕೊಂಡು ಹೋದ ಲಾರಿಯ ಡ್ರೈವರನೊಡನೆಯೂ ಪಂಪಿನ ವಿಚಾರಕ್ಕೆ ಗಾಸ್ಪಾರೆಗೆ ಜಗಳವಾಗಿತ್ತು.

ಎಫ್‌ಐಆರ್ ದಾಖಲಿಸಿ, ಇನ್‌ಸ್ಪೆಕ್ಟರ್ ಶೊರ್ತಿನೊ ಕಾನ್‌ಸ್ಟೇಬಲ್ ಫಿಲಿಪ್ಪೊನೊಡನೆ 4.50ಕ್ಕೆ ಸ್ಥಳ ತಲುಪಿದರು. ಗಾಸ್ಪಾರೆಯ ತಲೆಬುರುಡೆ ಒಡೆದಿತ್ತು. ದವಡೆ ಕಳಚಿ ಜೋತುಬಿದ್ದಿತ್ತು. ತಡೆಯಲು ಎತ್ತಿದ ಕೈಯ ಬೆರಳುಗಳು ಜಜ್ಜಿಹೋಗಿದ್ದವು. ರಕ್ತವೂ ವೈನೂ ಬೆರೆತ ನೆಲದಲ್ಲಿ ಮರದ ಕೊಡತಿಯೊಂದು ಬಿದ್ದಿತ್ತು.

ಡ್ರೈವರನನ್ನು ಎಳೆದು ತರುವೆನೆಂದು ಫಿಲಿಪ್ಪೊ ಹೊರಟ. ಶೊರ್ತಿನೊ ತಡೆದು ಪೀಪಾಯಿಯನ್ನು ತಟ್ಟಿ ನೋಡಿದರು. ಬಾಯಿವರೆಗೂ ತುಂಬಿತ್ತು. ಪಕ್ಕದಲ್ಲಿ ಈ ವರ್ಷದ ಹೊಸ ವೈನಿನ ಜಾಡಿಗಳು ಬರಿದಾಗಿ ಸಾಲಾಗಿ ನಿಂತಿದ್ದವು. ಬಿರಡೆಯ ನೆತ್ತಿಯ ಮೇಲೆ ಕೊಡತಿಯ ರಕ್ತದ ಅಚ್ಚು ಮೂಡಿತ್ತು.

"ಕೊಂದವನು ಓಡಲಿಲ್ಲ ಕಣೋ. ಹೊಸ ವೈನ್ ಹುಯ್ದು, ಬಿರಡೆ ಬಡಿದು ಹೋಗಿದಾನೆ."

"ಡ್ರೈವರ್‌ಗೇನು ಹುಚ್ಚಾ ಸರ್, ಹೆಣದ ಪಕ್ಕ ನಿಂತು ಪೀಪಾಯಿ ತುಂಬೋಕೆ?"

"ಅದಕ್ಕೇ ನಿನ್ನ ತಡೆದಿದ್ದು. ಅವನಲ್ಲ."

ಪಂಚನಾಮೆಗೆ ಸಹಿ ಹಾಕುವಾಗ ರೊಸಾಲಿಯಾ ವಿವರಿಸಿದಳು. ಆ ಪೀಪಾಯಿ ಎಂದೂ ಬರಿದಾಗುವಂತಿಲ್ಲ. ವರ್ಷವರ್ಷವೂ ಸ್ವಲ್ಪ ತೆಗೆದು, ಅಷ್ಟೇ ಹೊಸದನ್ನು ತುಂಬಬೇಕು. ಸಂತ ಮಾರ್ಟಿನನ ದಿನ ತುಂಬುವ ಕೆಲಸ ಮನೆಯ ಹಿರಿಯನದು.

6.10ಕ್ಕೆ ಲೆಯೊನಾರ್ದೊ ತನ್ನ ಅಡುಗೆಮನೆಯಲ್ಲೇ ಸಿಕ್ಕಿದ. ಅಂಗಿಯ ತೋಳು ಮೊಣಕೈವರೆಗೆ ಕೆಂಪಾಗಿತ್ತು. ಕೈ ಸಹ ತೊಳೆದಿರಲಿಲ್ಲ.

"ಎಷ್ಟು ಏಟು ಹಾಕಿದೆ?"

"ಎಣಿಸ್ಲಿಲ್ಲ ಸಾಹೇಬ್ರೆ."

"ಹೊಡೆಯೋಕೆ ಮುಂಚೆ ಅವನೇನಂದ?"

"ಹುಳಿ ನೀರಿಗೆ ಇಷ್ಟು ಅಳ್ತೀಯಲ್ಲಣ್ಣ, ನಿನ್ನ ಮಗ ಅದರೊಳಗೆ ಈಜ್ತಿದಾನಾ, ಅಂದ."

ಶೊರ್ತಿನೊ ಬೇಡಿ ಹಾಕಿದರು. 6.40ಕ್ಕೆ ಬಂಧನ ದಾಖಲಾಯಿತು.

ಲೆಯೊನಾರ್ದೊನ ಒಬ್ಬನೇ ಮಗ ನಿನೊ ಎರಡು ವರ್ಷದ ಹಿಂದೆ ಮೀನಿನ ದೋಣಿ ಮುಳುಗಿ ಸತ್ತಿದ್ದ. ಸಮುದ್ರ ಹೆಣವನ್ನು ಕೊಡಲಿಲ್ಲ. ಆ ಸುಗ್ಗಿಯಲ್ಲಿ ಅವನು ತುಳಿದ ದ್ರಾಕ್ಷಿಯ ವೈನ್ ಪೀಪಾಯಿಯಲ್ಲಿತ್ತು. ಪ್ರತಿ ನವೆಂಬರ್ 2ರ ಮೃತರ ದಿನ ಊರವರೆಲ್ಲ ಸ್ಮಶಾನಕ್ಕೆ ಹೂವು ಒಯ್ಯುವಾಗ ತಂದೆ ಆ ವೈನ್ ಕೊಠಡಿಗೆ ಒಯ್ಯುತ್ತಿದ್ದ. ಈ ವರ್ಷದ ಹೂವುಗಳನ್ನು, ಪಂಪಿಗೆ ಜಾಗವಾಗಲೆಂದು, ಗಾಸ್ಪಾರೆ ಗುಡಿಸಿ ಹೊರಗೆ ಹಾಕಿದ್ದ.